ಕೊನೆಗೌಡನ ಸೊಂಟಪಟ್ಟಿ

ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿ ಹಗಲಿನ ಬಹುಪಾಲನ್ನು ಮರದ ಮೇಲೆ ಕಳೆಯುವವರು ಯಾರೆಂದು ಕೇಳಿದರೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನೂ ತೆಂಗಿನಕಾಯಿ ಕೀಳುವವರನ್ನೂ ತೋರಿಸಬೇಕು. ಅಮೆರಿಕದಲ್ಲಿ ಇದೇ ಪ್ರಶ್ನೆ ಕೇಳಿದರೆ ಜಿಂಕೆ ಬೇಟೆಯವರ ಹೆಸರೂ ಬರುತ್ತದೆ. ಅವರು ಸೊಂಟಕ್ಕೂ ತೊಡೆಗೂ ಅಗಲವಾದ ಪಟ್ಟಿ ಸುತ್ತಿಕೊಂಡು, ಕಾಂಡಕ್ಕೆ ಉರುಳು ಹಾಕಿದ ಹಗ್ಗಕ್ಕೆ ಜೋತುಬಿದ್ದು ತಾಸುಗಟ್ಟಲೆ ಕಾಯುತ್ತಾರೆ. ಆ ಪಟ್ಟಿಯ ಆಸನದ ಹಗುರ ಮಾದರಿಗಳು ಒಂದು ಕಿಲೋ ಕೂಡ ತೂಗುವುದಿಲ್ಲ. ನಮ್ಮಲ್ಲಿ ಬೇಟೆಯ ಬಾಗಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಮುಚ್ಚತೊಡಗಿ, 1991ರ ತಿದ್ದುಪಡಿಯ ನಂತರ ಪರವಾನಗಿಯ ಸಂದಿಯೂ ಉಳಿಯಲಿಲ್ಲ. ಅದು ಮುಚ್ಚಿದ್ದೇ ಒಳ್ಳೆಯದಾಯಿತು. ಆದರೆ ಆ ಆಸನದಲ್ಲಿರುವ ಎರಡು ಗುಣ ನಮ್ಮ ತೋಟಕ್ಕೆ ಬೇಕು. ಅದು ಹಗುರ, ಮತ್ತು ಅದರ ಹಗ್ಗ ಕೊಂಬೆಯಿಲ್ಲದ ನುಣುಪು ಕಾಂಡವನ್ನೂ ಬಿಗಿಯಾಗಿ ಹಿಡಿಯುತ್ತದೆ. ಕೊನೆಗೌಡನಿಗೆ ರಕ್ಷಣಾ ಸಾಧನ ಆರಿಸುವಾಗ ಈ ಎರಡನ್ನೇ ಮೊದಲು ನೋಡಬೇಕು, ಮೆತ್ತೆ, ಬಣ್ಣ, ಬಕಲುಗಳನ್ನು ಆಮೇಲೆ ನೋಡಿದರಾಯಿತು ಎಂಬುದು ನನ್ನ ವಾದ.

ಮೊದಲು ಕೆಲಸದ ಸ್ವರೂಪ ನೋಡೋಣ. ಶರಾವತಿ, ಅಘನಾಶಿನಿಗಳ ದಂಡೆಯ ಒಳಪ್ರದೇಶದಲ್ಲಿ, ಭಟ್ಕಳದ ಹಾಡುವಳ್ಳಿಯ ಕಡೆಯ ಕಣಿವೆಗಳಲ್ಲಿ, ಗುಡ್ಡಗಳ ನಡುವಿನ ತಗ್ಗಿನಲ್ಲೇ ತೋಟ. ಬೆಳಕು ಹುಡುಕಿಕೊಂಡು ಮರ ಎತ್ತರಕ್ಕೆ ಓಡುತ್ತದೆ. ಹಳೆಯ ತೋಟದಲ್ಲಿ ಐವತ್ತು ಅರವತ್ತು ಅಡಿ ಸಾಮಾನ್ಯ. ಕಾಂಡ ಮಾತ್ರ ಒಂದು ಗೇಣಿಗಿಂತ ಕಡಿಮೆ ದಪ್ಪ. ಮಳೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು. ಈ ಮಳೆಯಲ್ಲೇ ಕೊಳೆರೋಗ ಬರುವುದರಿಂದ ಮುಂಗಾರು ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ಮದ್ದನ್ನು ಅಡಿಕೆಗೆ ಒಗ್ಗಿಸಿದ ಮೇಲೆ ಬೆಳೆ ಉಳಿಯಿತು, ಜೊತೆಗೆ ಮಳೆಗಾಲದಲ್ಲಿ ಮರ ಹತ್ತುವ ಕೆಲಸವೂ ಹೆಚ್ಚಿತು. ಮದ್ದಿನ ಬದಲು ಮಳೆ ತಾಗದಂತೆ ಅಡಿಕೆ ಕೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವವರೂ ಇದ್ದಾರೆ, ಅದಕ್ಕಂತೂ ಪ್ರತಿ ಕೊನೆಯ ಹತ್ತಿರ ಕೈ ಹೋಗಲೇಬೇಕು. ನಂತರ ಕೊಯ್ಲು: ಕರಾವಳಿಯಲ್ಲಿ ಹಣ್ಣಡಿಕೆ ಒಣಗಿಸಿ ಚಾಲಿ ಮಾಡುವುದೇ ಹೆಚ್ಚಾದ್ದರಿಂದ ಹಣ್ಣಾದಂತೆಲ್ಲ ಮತ್ತೆ ಮತ್ತೆ ಹತ್ತಬೇಕು. ಬೇಟೆಯವನು ದಿನಕ್ಕೊಂದು ಮರದಲ್ಲಿ ಕೂತರೆ ಮುಗಿಯಿತು. ಕೊನೆಗೌಡನಿಗೆ ಒಂದು ಬೆಳಗಿನಲ್ಲೇ ಹತ್ತಾರು ಮರ. ಅಲ್ಲಿನ ಸಾಧನವನ್ನು ಇದ್ದ ಹಾಗೆ ಇಲ್ಲಿಗೆ ತರಲಾಗದೆಂದು ಇಷ್ಟರಿಂದಲೇ ತಿಳಿಯುತ್ತದೆ.

ನಮ್ಮ ಹಳೆಯ ಸಾಧನಗಳನ್ನು ಕಡೆಗಣಿಸಬೇಕಿಲ್ಲ. ಎರಡೂ ಪಾದಗಳನ್ನು ಜೋಡಿಸುವ ಹಗ್ಗದ ಬಳೆ, ಅಂದರೆ ತಳೆ, ಮೇಲೆ ಕಾಂಡಕ್ಕೆ ಸಿಕ್ಕಿಸಿ ಕೂರುವ ಸಣ್ಣ ಮಣೆ, ಕತ್ತಿ, ಪಕ್ಕದ ಮರ ಎಳೆದುಕೊಳ್ಳಲು ಕೊಕ್ಕೆ, ಕೊನೆ ಇಳಿಸುವ ಹಗ್ಗ. ಎಲ್ಲ ಸೇರಿದರೂ ಒಂದು ಕೈಯಲ್ಲಿ ಹಿಡಿಯುವಷ್ಟು. ತಳೆಯಂಥ ಜಾಣ ಸಾಧನ ಕಡಿಮೆ. ಮೈಭಾರ ಬಿದ್ದಷ್ಟೂ ಪಾದಗಳು ಕಾಂಡವನ್ನು ಒತ್ತಿ ಹಿಡಿಯುತ್ತವೆ, ಭಾರ ತೆಗೆದ ಕ್ಷಣ ಸಡಿಲವಾಗಿ ಮೇಲೇರುತ್ತವೆ. ಆದರೆ ತಳೆಯಾಗಲಿ ಮಣೆಯಾಗಲಿ ಮನುಷ್ಯನನ್ನು ಮರಕ್ಕೆ ಕಟ್ಟುವುದಿಲ್ಲ. ಕೈ ಜಾರಿದರೆ ಮಣೆ ಮೇಲೆ ಉಳಿಯುತ್ತದೆ, ಮನುಷ್ಯ ಕೆಳಗೆ. ಐವತ್ತಡಿಯಿಂದ ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ. ಆಗಿನ ವೇಗ ಗಂಟೆಗೆ ಅರವತ್ತು ಕಿಲೋಮೀಟರು.

ಹಾಗಾದರೆ ಕಟ್ಟಡ ಕೆಲಸದವರ ಸುರಕ್ಷಾ ಬೆಲ್ಟನ್ನು ಅಂಗಡಿಯಿಂದ ತಂದು ಕೊಟ್ಟರಾಗದೇ ಎಂದು ತೋಟದ ಮಾಲೀಕರು ಕೇಳುತ್ತಾರೆ. ಆಗದು, ಅದಕ್ಕೆ ಕಾರಣ ಮರದಲ್ಲೇ ಇದೆ. ಆ ಬೆಲ್ಟಿನ ಕೊಕ್ಕೆಯನ್ನು ಸಿಕ್ಕಿಸಲು ತಲೆಯ ಮೇಲೆ ಗಟ್ಟಿಯಾದದ್ದೊಂದು ಇರಬೇಕು. ಅಡಿಕೆ ಮರಕ್ಕೆ ಕೊಂಬೆಯಿಲ್ಲ, ಸೋಗೆ ಭಾರ ತಾಳದು, ಹಾಳೆ ಸುತ್ತಿದ ಹಸಿರು ಭಾಗ ಮೆತ್ತಗೆ. ಹಗ್ಗವನ್ನು ಕಾಂಡದ ಸುತ್ತ ಸುಮ್ಮನೆ ಒಂದು ಸುತ್ತು ತಂದು ಸೊಂಟದ ಎರಡು ಬದಿಗೆ ಸಿಕ್ಕಿಸಿಕೊಂಡರೆ, ವಿದ್ಯುತ್ ಕಂಬ ಹತ್ತುವವರು ಮಾಡುವ ಹಾಗೆ, ಕೈ ಬಿಟ್ಟು ಕೆಲಸ ಮಾಡುವುದಕ್ಕೇನೋ ಅನುಕೂಲ. ಕಾಲು ಜಾರಿದಾಗ ಮಾತ್ರ ಆ ಸುತ್ತು ಪಾಚಿಗಟ್ಟಿದ ಕಾಂಡದ ಮೇಲೆ ಜಾರುತ್ತಾ ಜೊತೆಗೇ ಬರುತ್ತದೆ. ಯುರೋಪಿನ ಮಾನಕದಲ್ಲೂ ಇಂಥ ಸೊಂಟಪಟ್ಟಿ ಮೈ ಸ್ಥಿರವಾಗಿ ನಿಲ್ಲಿಸಲಷ್ಟೇ. ಅರ್ಧ ಮೀಟರಿಗಿಂತ ಹೆಚ್ಚು ಬೀಳುವ ಸಂಭವವಿದ್ದಲ್ಲಿ ಅದೊಂದನ್ನೇ ನಂಬಬಾರದು. ಬೇಟೆಯವರ ಆಸನದ ಹಗ್ಗ ಇಲ್ಲಿಯೇ ಬೇರೆಯಾಗುತ್ತದೆ. ಅದು ಕಾಂಡಕ್ಕೆ ಉರುಳಾಗಿ ಬೀಳುತ್ತದೆ: ಕೈಯಿಂದ ಸಡಿಲಿಸಿ ಮೇಲೆ ಸರಿಸಬಹುದು, ಭಾರ ಬಿದ್ದರೆ ಬಿಗಿದು ಕಚ್ಚಿಕೊಳ್ಳುತ್ತದೆ. ಉರುಳಿನಿಂದ ಬರುವ ಹಗ್ಗದ ಮೇಲೆ, ಭಾರ ಬಿದ್ದರೆ ಬಿಗಿಯುವ ಪ್ರುಸಿಕ್ ಗಂಟು ಹಾಕಿ ಅದಕ್ಕೆ ಪಟ್ಟಿ ಸೇರಿಸಿದರೆ ಉದ್ದವನ್ನು ಒಂದೇ ಕೈಯಲ್ಲಿ ಹೆಚ್ಚು ಕಡಿಮೆ ಮಾಡಬಹುದು. ತಳೆಗೆ ಇರುವ ಗುಣವೇ ಇದು. ಅದು ಪಾದದಿಂದ ಸೊಂಟಕ್ಕೆ ಬಂದಿದೆ, ಅಷ್ಟೇ.

ಈಗ ತೂಕದ ಮಾತು. ಬಂಟ್ವಾಳ ತಾಲೂಕಿನ ಕೊಮಳೆಯ ಗಣಪತಿ ಭಟ್ಟರು ರೂಪಿಸಿದ ಮರ ಹತ್ತುವ ಬೈಕು 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಕೂತು ಹತ್ತಬಹುದು, ಬ್ರೇಕಿದೆ, ವಯಸ್ಸಾದವರೂ ಮೇಲೆ ಹೋಗಬಹುದು; ಜಾಣ್ಮೆಯ ಕೆಲಸ. ಅದರ ತೂಕ ಸುಮಾರು 28 ಕಿಲೋ. ಕೇರಳದ ಚೆಂಬೇರಿ ಮಾದರಿಯ ಯಂತ್ರ ಇದಕ್ಕಿಂತ ತುಂಬ ಹಗುರ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಹೊಸಬರಿಗೆ ಮರ ಹತ್ತುವ ತರಬೇತಿ ಶುರುಮಾಡಿದಾಗ ಇಂಥ ಯಂತ್ರಗಳೇ ನೆರವಿಗೆ ಬಂದವು. ಎರಡಕ್ಕೂ ಒಂದು ಮಿತಿ ಸಮಾನ: ಪ್ರತಿ ಮರದ ಬುಡದಲ್ಲಿ ಕಟ್ಟಬೇಕು, ಇಳಿದ ಮೇಲೆ ಬಿಚ್ಚಬೇಕು, ಮುಂದಿನ ಮರಕ್ಕೆ ಹೊರಬೇಕು. ಒಂಬತ್ತಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಐನೂರಕ್ಕೂ ಹೆಚ್ಚು ಮರ. ಕಾದಿಗೆ, ಕೆಸರು, ಗುಡ್ಡದ ಏರು ಇರುವಲ್ಲಿ ಅಷ್ಟು ಭಾರವನ್ನು ಅಷ್ಟು ಸಲ ಹೊರುವುದು ಯಾರ ಕೈಲೂ ಆಗದು. ಸಾಧನ ಎಷ್ಟೇ ಭದ್ರವಿರಲಿ, ಎರಡನೆಯ ದಿನ ಮನೆಯ ಜಗಲಿಯಲ್ಲೇ ಉಳಿದರೆ ಯಾರನ್ನೂ ಕಾಯುವುದಿಲ್ಲ. ಹಗುರವಾಗಿರುವುದನ್ನು ಸುಖದ ಲೆಕ್ಕಕ್ಕೆ ಬರೆಯದೆ ಸುರಕ್ಷತೆಯ ಲೆಕ್ಕಕ್ಕೆ ಬರೆಯಬೇಕೆಂದು ನಾನು ಹೇಳುವುದು ಇದಕ್ಕೇ.

ಆದರೆ ತೂಕವನ್ನು ಎಲ್ಲಿಂದ ಇಳಿಸಬೇಕೆಂಬುದರಲ್ಲಿ ವಿವೇಕ ಬೇಕು. ದಪ್ಪ ಮೆತ್ತೆ, ಸಾಮಾನಿನ ಚೀಲ, ಅಲಂಕಾರದ ಬಕಲು, ಮರದ ಹಲಗೆ ಇವನ್ನು ಬಿಡಬಹುದು. ತೊಡೆಪಟ್ಟಿ ಬಿಡುವಂತಿಲ್ಲ, ಬರೀ ಸೊಂಟಪಟ್ಟಿಯಲ್ಲಿ ನೇತಾಡಿದರೆ ಅದು ಪಕ್ಕೆಗೆ ಏರಿ ಉಸಿರು ಕಟ್ಟಿಸುತ್ತದೆ. ಪಟ್ಟಿಯನ್ನು ಹಗ್ಗಕ್ಕೆ ಸೇರಿಸುವ ಕೊಂಡಿ, ಅಂದರೆ ಕ್ಯಾರಬಿನರಿನ ಮೇಲೆ ಅದು ತಾಳುವ ಬಲ ಅಚ್ಚಾಗಿರಬೇಕು. 22 ಕಿಲೋನ್ಯೂಟನ್ ಅಂದರೆ ಸುಮಾರು 2,200 ಕಿಲೋ ಭಾರ. ಕೀಲಿಗೊಂಚಲಿಗೆ ಹಾಕುವ ಅಗ್ಗದ ಕೊಕ್ಕೆಗಳೂ ನೋಡಲು ಹಾಗೆಯೇ ಇರುತ್ತವೆ, ಮೋಸಹೋಗಬಾರದು. ಇಷ್ಟೊಂದು ಬಲ ಯಾಕೆಂದು ಅನುಮಾನವಿದ್ದರೆ ಒಂದು ಲೆಕ್ಕ ಹಾಕಿ. 65 ಕಿಲೋ ತೂಕದವನ ಹಗ್ಗದಲ್ಲಿ 60 ಸೆಂಟಿಮೀಟರ್ ಸಡಿಲವಿದ್ದು, ಬಿದ್ದಾಗ ಹಗ್ಗವೂ ಮರವೂ ಸೇರಿ 5 ಸೆಂಟಿಮೀಟರ್ ಮಾತ್ರ ಬಿಟ್ಟುಕೊಟ್ಟರೆ, ಮೈಗೆ ಬೀಳುವ ಸರಾಸರಿ ಹೊಡೆತ ತೂಕದ ಹದಿಮೂರು ಪಟ್ಟು, ಅಂದರೆ 845 ಕಿಲೋ. ಸೊಂಟದ ಮೂಳೆಗೆ ಇದು ಅಪಾಯ. ಸಡಿಲ 10 ಸೆಂಟಿಮೀಟರಿಗೆ ಇಳಿದರೆ ಹೊಡೆತ ಮೂರೇ ಪಟ್ಟು, 195 ಕಿಲೋ. ನಿಜವಾದ ಅಡಿಕೆ ಮರದ ತುದಿ ಬಾಗುವುದರಿಂದ ಹೊಡೆತ ಇನ್ನೂ ತಗ್ಗಬಹುದು. ಅದನ್ನು ನಂಬಿಕೊಂಡು ಕೂರದೆ ಉರುಳನ್ನು ಯಾವಾಗಲೂ ಸೊಂಟಕ್ಕಿಂತ ಮೇಲೆ, ಹಗ್ಗವನ್ನು ಬಿಗಿಯಾಗಿ ಇಡುವುದೇ ಬಳಕೆಯ ಮುಖ್ಯ ಪಾಠ.

ಇನ್ನು ಆಕ್ಷೇಪಗಳು. ಅತಿ ಗಟ್ಟಿಯಾದದ್ದು ಮರದಿಂದ ಮರಕ್ಕೆ ದಾಟುವ ಪದ್ಧತಿಯದು. ನುರಿತ ಕೊನೆಗೌಡ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಮೇಲಿನಿಂದಲೇ ಪಕ್ಕದ ಮರವನ್ನು ಕೊಕ್ಕೆಯಿಂದ ಎಳೆದು ದಾಟುತ್ತಾನೆ. ಇದರಿಂದ ಶ್ರಮ ಉಳಿಯುತ್ತದೆ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯೂ ಉಳಿಯುತ್ತದೆ. ಕಟ್ಟಿಕೊಂಡವನು ದಾಟುವುದು ಹೇಗೆ? ಎರಡು ಹಗ್ಗ ಬೇಕು: ಹೊಸ ಮರಕ್ಕೆ ಉರುಳು ಬಿದ್ದ ಮೇಲೆಯೇ ಹಳೆಯ ಮರದ್ದನ್ನು ಬಿಡಿಸಬೇಕು. ಆ ಒಂದು ಕ್ಷಣ ಅವನು ಎರಡು ಮರಕ್ಕೆ ಸೇರಿದವನು, ಎರಡೂ ಸೆಟೆದು ನಿಲ್ಲಲು ಎಳೆಯುತ್ತಿರುತ್ತವೆ. ಹಿಡಿತ ತಪ್ಪಿದರೆ ಮೈ ಸೀಳುವಂತೆ ಎಳೆದಾಡದಿರಲು ಎರಡು ಹಗ್ಗಗಳ ಒಟ್ಟು ಉದ್ದ ಮರಗಳ ಅಂತರಕ್ಕಿಂತ ಹೆಚ್ಚಿರಬೇಕು. ಹೆಚ್ಚಿದ್ದರೆ ಮೇಲೆ ಹೇಳಿದ ಸಡಿಲದ ಅಪಾಯ ಬರುತ್ತದೆ. ದಾಟುವ ಹಗ್ಗಕ್ಕೆ ಹೊಲಿಗೆ ಬಿಚ್ಚಿಕೊಂಡು ಹೊಡೆತ ನುಂಗುವ ಪಟ್ಟಿ ಸೇರಿಸಿದರೆ ಸ್ವಲ್ಪ ತಗ್ಗೀತು, ಪೂರ್ತಿ ಹೋಗದು. ನನ್ನ ಮಟ್ಟಿಗೆ ಹೊಸಬರು ದಾಟಲೇಬಾರದು, ಇಳಿದೇ ಹತ್ತಬೇಕು. ದಿನಕ್ಕೆ ಮುಗಿಯುವ ಮರ ಕಡಿಮೆಯಾಗುತ್ತದೆ, ನಿಜ. ಆ ನಷ್ಟವನ್ನು ಮರದ ಲೆಕ್ಕದ ಕೂಲಿಯಲ್ಲಿ ತುಂಬಿಕೊಡಬೇಕಾದವನು ತೋಟದವನು. ಅದನ್ನು ಹತ್ತುವವನ ತಲೆಗೆ ಕಟ್ಟಿದರೆ ಪಟ್ಟಿಯನ್ನು ಮೊದಲು ಬಿಚ್ಚಿಡುವವನೂ ಅವನೇ.

ಅಪ್ಪ, ಅಜ್ಜನ ಕಾಲದಿಂದ ಹೀಗೇ ಹತ್ತಿದ್ದೇವೆ, ಕೈಗೆ ಬುದ್ಧಿ ಇದೆ ಎನ್ನುವವರಿಗೆ ಆ ಬುದ್ಧಿಯನ್ನು ಅಲ್ಲಗಳೆಯದೆ ಉತ್ತರಿಸಬಹುದು. ಕಣಜ ಕಚ್ಚುವುದು, ತಲೆ ಸುತ್ತುವುದು, ಬಿಸಿಲಿನ ನಡುವೆ ಒಂದು ಮಳೆ ಸುರಿದುಹೋಗುವುದು ಕೈಚಳಕವನ್ನು ಕೇಳಿಕೊಂಡು ಬರುವುದಿಲ್ಲ. ಇನ್ನೊಂದು ಮಾತನ್ನು ಅವರು ಹೇಳುತ್ತಾರೆ, ಅದು ಹೆಚ್ಚು ಯೋಚಿಸಬೇಕಾದದ್ದು: ಮರವೇ ಮುರಿದರೆ ಕಟ್ಟಿಕೊಂಡವನು ಮರದ ಜೊತೆಗೇ ಹೋಗುತ್ತಾನೆ, ಕಟ್ಟಿಕೊಳ್ಳದವನು ಪಕ್ಕದ ಮರಕ್ಕಾದರೂ ನೆಗೆದಾನು. ಮಾತು ಸುಳ್ಳಲ್ಲ. ಆದರೆ ಮರ ಮುರಿಯುವುದನ್ನು ಬುಡದಲ್ಲೇ ಬಹುಮಟ್ಟಿಗೆ ಊಹಿಸಬಹುದು. ಅಣಬೆ ರೋಗದ ಮರದ ಬುಡದಲ್ಲಿ ಕಂದು ರಸ ಒಸರಿದ ಕಲೆಗಳಿರುತ್ತವೆ, ತುದಿ ಸೊರಗಿರುತ್ತದೆ. ಕತ್ತಿಯ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಬಿಸಿಲಿಗೆ ಸೀಳಿದ ಕಾಂಡವೂ ಕಣ್ಣಿಗೆ ಕಾಣುತ್ತದೆ. ಅಂಥ ಮರಕ್ಕೆ ಕಟ್ಟಿಕೊಂಡೂ ಹತ್ತಬಾರದು, ಕಟ್ಟಿಕೊಳ್ಳದೆಯೂ ಹತ್ತಬಾರದು.

ಅಂಥಲ್ಲಿ ದೋಟಿ ಇದೆ. ಕಾರ್ಬನ್ ಫೈಬರಿನ ಉದ್ದ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕೊನೆ ಕೊಯ್ಯಲು, ಮದ್ದು ಹೊಡೆಯಲು ಸಾಧ್ಯವಾಗಿದೆ, ಹಾಗಾಗಿ ಹತ್ತುವ ಮಾತೇ ಯಾಕೆ ಎಂಬುದು ಈಚಿನ ಆಕ್ಷೇಪ. ದೋಟಿ ನಡೆಯುವಲ್ಲಿ ದೋಟಿಯೇ ಸರಿ, ಹತ್ತದಿರುವುದಕ್ಕಿಂತ ಭದ್ರ ಬೇರೊಂದಿಲ್ಲ. ಆದರೆ ಕೊಟ್ಟೆ ಕಟ್ಟಲು ದೋಟಿಯಿಂದಾಗದು. ಅರವತ್ತಡಿ ಮೇಲಿನ ತುದಿಯನ್ನು ಗಾಳಿಯಲ್ಲಿ ನಿಲ್ಲಿಸುವುದಕ್ಕೂ ರಟ್ಟೆ, ಕಣ್ಣು, ಅಭ್ಯಾಸ ಬೇಕು. ಕಾರ್ಬನ್ ಫೈಬರ್, ಅಲ್ಯುಮಿನಿಯಂ ಎರಡೂ ವಿದ್ಯುತ್ ಹರಿಸುತ್ತವೆ. ತೋಟದ ಮೇಲೆ ತಂತಿ ಹಾದಿದ್ದರೆ ದೋಟಿ ಎತ್ತುವುದು ಮರ ಹತ್ತುವುದಕ್ಕಿಂತ ಕೆಟ್ಟದ್ದು.

ಸಾಧನ ಕೊಂಡ ಮೇಲೆ ಅದನ್ನು ಕೆಡಿಸುವುದು ನಮ್ಮದೇ ಮದ್ದು, ನಮ್ಮದೇ ಸಮುದ್ರದ ಗಾಳಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿ ಹದ ನೋಡಲು ಕೃಷಿಕರು ಉಜ್ಜಿದ ಚಾಕುವನ್ನು ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದೆಂದು ಅರ್ಥ. ಚಾಕುವಿಗೆ ಆಗುವುದೇ ಉಕ್ಕಿನ ಕೊಕ್ಕೆಗೂ ಆಗುತ್ತದೆ. ತಾಮ್ರ ಕೂರುವುದೆಂದರೆ ಕಬ್ಬಿಣ ಕರಗುವುದು. ಅಲ್ಯುಮಿನಿಯಮ್ಮಿಗೂ ತಾಮ್ರದ ಉಪ್ಪು ಆಗಿಬರದು, ಅದರಿಂದಾಗುವ ಸಣ್ಣ ಗುಂಡಿಗಳು ಸ್ಪ್ರಿಂಗಿನ ಸಂದಿಯಲ್ಲಿ ಕಾಣದಂತೆ ಬೀಳುತ್ತವೆ. ಮದ್ದು ಹೊಡೆದ ಸಂಜೆ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು, ಒಲೆಯ ಮೇಲಿನ ಅಟ್ಟದಲ್ಲಿ ಬೇಡ. ಹಗ್ಗದಲ್ಲಿ ನೈಲಾನ್ ಹೆಚ್ಚು ಹಿಗ್ಗಿ ಹೊಡೆತ ನುಂಗುತ್ತದೆ, ನೆನೆದಾಗ ಶಕ್ತಿಯಲ್ಲಿ ಒಂದಂಶ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ನೆನೆದರೂ ಹಾಗೇ ಇರುತ್ತದೆ, ಆದರೆ ಅಷ್ಟು ಹಿಗ್ಗದು. ಮಳೆಗಾಲದ ಕೆಲಸವೆಂದು ಪಾಲಿಯೆಸ್ಟರನ್ನೇ ಆರಿಸುವವರು ಸಡಿಲ ಬಿಡದಿರುವುದರಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಬೇಕು. ಇನ್ನು, ಹತ್ತಲೆಂದು ಬೂಟಿಗೆ ಹಾಕುವ ಮೊಳೆ ಅಡಿಕೆ ಮರಕ್ಕೆ ಸಲ್ಲದು. ತಾಳೆ ಜಾತಿಯ ಮರದ ಗಾಯ ಮಾಯುವುದಿಲ್ಲ, ಒಮ್ಮೆ ಬಿದ್ದ ತೂತು ಕೊನೆಯವರೆಗೂ ತೂತೇ.

ಪಟ್ಟಿ ತಡೆದ ಮೇಲಿನ ಕತೆಯನ್ನೂ ಮೊದಲೇ ಯೋಚಿಸಿರಬೇಕು. ಮೈಮರೆತು ಅಲ್ಲಾಡದೆ ನೇತಾಡಿದರೆ ಕಾಲಿನ ರಕ್ತ ಮೇಲೇರದೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಅಪಾಯ. ಕೆಳಗೆ ಕೊನೆ ಹಿಡಿಯುವವನು ಇದ್ದೇ ಇರುತ್ತಾನೆ. ಅವನಿಗೂ ಒಂದು ಪಟ್ಟಿ, ಒಂದು ಹಗ್ಗ, ಮೇಲಿನವನನ್ನು ಇಳಿಸುವ ಅಭ್ಯಾಸ ಇರಬೇಕು. ಎರಡು ಜೊತೆಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಕೊಡುವವನು ಮಾಲೀಕನಾಗಲಿ, ಆದರೆ ಸಾಧನ ಹತ್ತುವವನ ಬಳಿಯೇ ಇರಲಿ, ಏಕೆಂದರೆ ತೊಡೆಯ ಅಳತೆ ಅವನದು, ಹತ್ತು ತೋಟ ತಿರುಗುವವನೂ ಅವನೇ. ಹೊಲಿಗೆ ಎದ್ದ, ಅಂಚು ಕತ್ತಿ ತಾಗಿ ಕೊಯ್ದ, ಒಮ್ಮೆ ಬಿದ್ದವನನ್ನು ತಡೆದ ಪಟ್ಟಿಯನ್ನು ಅಂದೇ ನಾಲ್ಕು ತುಂಡು ಮಾಡಿ ಬಿಸಾಡಬೇಕು. ಇಡಿಯಾಗಿ ಬಿಟ್ಟರೆ ಅದು ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟುವ ಹಗ್ಗವಾಗಿ ಉಳಿದು, ಮುಂದಿನ ಹಂಗಾಮಿಗೆ ಯಾರದೋ ಸೊಂಟಕ್ಕೆ ಬರುತ್ತದೆ.