ನಾನೂ ಭಾರ ಎತ್ತತೊಡಗಿದೆ

ಸೋದರಿಯರೇ, ಎಸ್ಸೆಸ್ಸೆಲ್ಸಿವರೆಗೆ ಓದಿದ, ನಲವತ್ತಾರು ದಾಟಿದ ಗೃಹಿಣಿ ಕಬ್ಬಿಣದ ಭಾರ ಎತ್ತುವ ಮಾತಾಡುತ್ತಿದ್ದಾಳೆಂದು ನಗಬೇಡಿ. ಮೊದಲು ನಕ್ಕವಳು ನಾನೇ.

ಎರಡು ವರ್ಷದ ಹಿಂದೆ ನಮ್ಮತ್ತೆ ಬಚ್ಚಲಲ್ಲಿ ಜಾರಿ ಕೂತುಬಿಟ್ಟರು. ದೇವರ ದಯೆ, ಮೂಳೆ ಮುರಿದಿರಲಿಲ್ಲ. ಆದರೆ ಅವರನ್ನು ಎಬ್ಬಿಸಲು ನನ್ನ ಕೈಲಾಗಲಿಲ್ಲ. ತೂಗುವುದು ಬರೀ 48 ಕೆ.ಜಿ.! ನಮ್ಮವರು ಅಂಗಡಿಯಿಂದ ಬರುವವರೆಗೆ ಅರ್ಧ ಗಂಟೆ, ಅವರ ಬೆನ್ನಿಗೆ ಆಸರೆಯಾಗಿ ನಾನೂ ಆ ಒದ್ದೆ ನೆಲದಲ್ಲೇ ಕೂತಿದ್ದೆ. "ಪಾಪ, ನೀನಾದ್ರೂ ಏನ್ಮಾಡ್ತೀಯೆ ಬಿಡು" ಅಂದರು ಅತ್ತೆ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ದಿನವಿಡೀ ನೀರು, ಒಗೆತ, ಒರೆಸುವುದು ಅಂತ ದುಡಿಯುವ ನಮಗೆ ಬೇರೆ ವ್ಯಾಯಾಮ ಯಾಕೆ ಅನ್ನುತ್ತೀರಿ. ನಮ್ಮ ಡಾಕ್ಟರಮ್ಮ ಹೇಳಿದ್ದೇ ಬೇರೆ. ದಿನಾ ಅದೇ ಭಾರ ಎತ್ತಿದರೆ ಸುಸ್ತಾಗುತ್ತದೆ, ಶಕ್ತಿ ಏರುವುದಿಲ್ಲ. ಭಾರ ಸ್ವಲ್ಪಸ್ವಲ್ಪವೇ ಹೆಚ್ಚಬೇಕಂತೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆಯೂ ಬೇಗ ಸವೆಯುತ್ತದೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಐದು ಲೀಟರಿನ ಎರಡು ಎಣ್ಣೆ ಕ್ಯಾನಿಗೆ ನೀರು ತುಂಬಿ ಶುರು ಮಾಡಿದೆ. ಕೈಗೊಂದರಂತೆ ಹತ್ತು ಕೆ.ಜಿ. ಆಯಿತು. ಪಾದ ಅಗಲಿಸಿ, ಮಂಡಿ ಕೊಂಚ ಮಡಿಸಿ, ಸೊಂಟವನ್ನು ಹಿಂದಕ್ಕೆ ತಳ್ಳಿ ಬಾಗಬೇಕು. ಬೆನ್ನು ಗೂನಾಗಬಾರದು, ಭಾರ ಮೈಗೆ ಹತ್ತಿರವಿರಬೇಕು, ಕಾಲಿನಿಂದ ನೆಲ ಒತ್ತಿ ಏಳಬೇಕು. ನಾವು ಬಿಂದಿಗೆ ಎತ್ತುವುದು ಇದಕ್ಕೆ ತದ್ವಿರುದ್ಧ, ಸೊಂಟ ಹಿಡಿಯದೆ ಇನ್ನೇನು? ಎಂಟು ಸಲ ಎತ್ತಿ, ಎರಡು ನಿಮಿಷ ಸುಧಾರಿಸಿಕೊಂಡು, ಹೀಗೆ ಮೂರು ಸುತ್ತು. ದಿನ ಬಿಟ್ಟು ದಿನ. ಬಿ.ಪಿ., ಹರ್ನಿಯಾ, ಗರ್ಭಕೋಶ ಜಾರಿದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಕೈ ಹಾಕಬೇಡಿ.

ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಮೂರು ಗುರಿ ಬರೆದುಕೊಂಡೆ: 25 ಕೆ.ಜಿ. ಅಕ್ಕಿ ಮೂಟೆ, ತುಂಬಿದ ಗ್ಯಾಸ್ ಸಿಲಿಂಡರ್, ಆಮೇಲೆ ಅತ್ತೆಯ 48. ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆ.ಜಿ.ಯಾದರೂ ಕಬ್ಬಿಣ ಸೇರಿ ಸುಮಾರು 30 ಆಗುತ್ತದೆ. ಐದನೇ ತಿಂಗಳಲ್ಲಿ ಅದನ್ನು ಹೊಸ್ತಿಲು ದಾಟಿಸಿ ಇಟ್ಟಾಗ ಸಿಲಿಂಡರ್ ತಂದ ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ!

ಅಲ್ಲಿಂದ ಮುಂದೆ ಜಿಮ್ಮೇ ಬೇಕಾಯಿತು. ಹೆಂಗಸರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಬೇರೆ ಸಮಯವಿತ್ತು. ನಾಲ್ಕು ಜನ ಏನೆಂದಾರೋ ಅಂತ ಹಿಂಜರಿದಾಗ, ಚೂಡಿದಾರ ಹಾಕ್ಕೊಂಡು ಹೋಗು ಅಂದವರು ಅತ್ತೆಯೇ. ಎರಡೂವರೆ ಕೆ.ಜಿ.ಯಂತೆ ಏರಿಸುತ್ತಾ 40ಕ್ಕೆ ಬಂದು ನಿಂತೆ. ಎರಡು ತಿಂಗಳು ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ. "ಆಂಟಿ, ಊಟ ಏನು ಮಾಡ್ತೀರಿ?" ಎಂದಳು ಕಲಿಸುವ ಹುಡುಗಿ. ಏನು ಹೇಳಲಿ? ಎಲ್ಲರಿಗೂ ಬಡಿಸಿ ಉಳಿದ ಅನ್ನಕ್ಕೆ ಮಜ್ಜಿಗೆ, ಉಪ್ಪಿನಕಾಯಿ. ನಿಮ್ಮದೂ ಅದೇ ತಾನೆ? ಈಗ ಹೆಸರುಕಾಳಿನ ಉಸಲಿ, ಹುರಳಿ ಸಾರಿನ ಕಾಳು, ಒಂದು ಬಟ್ಟಲು ಗಟ್ಟಿ ಮೊಸರನ್ನು ಮೊದಲೇ ನನ್ನ ಪಾಲಿಗೆ ತೆಗೆದಿಡುತ್ತೇನೆ.

2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮಣಿಪುರದ ಮೀರಾಬಾಯಿ ಚಾನು ಬೆಳ್ಳಿ ಗೆದ್ದದ್ದು 49 ಕೆ.ಜಿ. ವಿಭಾಗದಲ್ಲಿ. ಹೆಚ್ಚುಕಡಿಮೆ ನಮ್ಮತ್ತೆಯ ತೂಕದ ಹುಡುಗಿ 115 ಕೆ.ಜಿ.ಯನ್ನು ತಲೆಯ ಮೇಲಕ್ಕೆ ಎತ್ತಿ ನಿಂತಳು. ನನ್ನದು ನೆಲದಿಂದ ಸೊಂಟದವರೆಗೆ ಅಷ್ಟೆ.

ಕಳೆದ ತಿಂಗಳು 50 ಎತ್ತಿದೆ. ಮನೆಗೆ ಬಂದು ಹೇಳಿದರೆ ಅತ್ತೆ ಮಾತಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಕೈ ಊರದೆ ಎದ್ದರು, ಕೂತರು, ಮತ್ತೆ ಎದ್ದರು.

"ಏಳು ಸಲ ಆಯ್ತು. ನನ್ನದೂ ಬರ್ಕೋ ನಿನ್ನ ಪುಸ್ತಕದಲ್ಲಿ" ಅಂದರು.