ಸಾವು ಎಣಿಸುವುದಕ್ಕೂ ದುಡ್ಡು ಬೇಕು

ದೇಶಗಳು ಅಧಿಕೃತವಾಗಿ ಕೊಟ್ಟ ಕೋವಿಡ್ ಸಾವಿನ ಸಂಖ್ಯೆಗಳನ್ನು ಒಮ್ಮೆ ಗ್ರಾಫ್‌ಗೆ ಹಾಕಿ ನೋಡಿ. ಯುರೋಪಿನ ಹಲವು ಸಿರಿವಂತ ದೇಶಗಳು ಮೇಲೆ, ಆಫ್ರಿಕಾದ ಬಡ ದೇಶಗಳು ತಳದಲ್ಲಿ. ಗ್ರಾಫನ್ನಷ್ಟೇ ನಂಬಿದರೆ ಬಡತನವೇ ಕೊರೊನಾಗೆ ಮದ್ದು ಎನ್ನಬೇಕಾಗುತ್ತದೆ! ಡೇಟಾ ಸೈನ್ಸ್ ಓದುತ್ತಿರುವ ನನಗೆ ಈ ವಿಚಿತ್ರವೇ ಕುತೂಹಲ ಹುಟ್ಟಿಸಿತು.

ಆಫ್ರಿಕಾದಲ್ಲಿ ಯುವಜನರು ಹೆಚ್ಚು ಎಂಬುದು ಒಂದು ಕಾರಣ, ನಿಜ. ಆದರೆ ಎಣಿಸುವುದಕ್ಕೂ ಖರ್ಚಿದೆ. ಪರೀಕ್ಷಾ ಕಿಟ್, ಲ್ಯಾಬ್, ಕಾರಣ ಬರೆದುಕೊಡುವ ವೈದ್ಯರು, ನೋಂದಣಿ ಕಚೇರಿ – ಇವೆಲ್ಲ ಇದ್ದರೆ ಮಾತ್ರ ಒಂದು ಸಾವು ಪಟ್ಟಿಗೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಪ್ರಕಾರ, ಜಗತ್ತಿನ 10 ಸಾವುಗಳಲ್ಲಿ 4 ನೋಂದಣಿಯೇ ಆಗುವುದಿಲ್ಲ. ಆಫ್ರಿಕಾ ವಲಯದಲ್ಲಿ ನೋಂದಣಿಯಾಗುವುದು 10ರಲ್ಲಿ ಒಂದು ಮಾತ್ರ.

ದುಡ್ಡಿನ ಜೊತೆಗೆ ಮನಸ್ಸೂ ಬೇಕು. ಬೆಲ್ಜಿಯಂ ವೃದ್ಧಾಶ್ರಮಗಳಲ್ಲಿ ಪರೀಕ್ಷೆಯಿಲ್ಲದೆ ತೀರಿಕೊಂಡ ಶಂಕಿತರನ್ನೂ ಲೆಕ್ಕಕ್ಕೆ ಸೇರಿಸಿತು. ತಾಂಜಾನಿಯಾ 2020ರಲ್ಲಿ 509 ಪ್ರಕರಣಗಳಿಗೇ ಲೆಕ್ಕ ನಿಲ್ಲಿಸಿತು. ಮತ್ತೆ ಶುರುವಾಗಿದ್ದು ಮರುವರ್ಷ, ಅಧ್ಯಕ್ಷರು ಬದಲಾದ ಮೇಲೆ. ಸಿರಿವಂತ ದೇಶವೇನಲ್ಲದ ಪೆರು, ತಜ್ಞರಿಂದ ಮರುಪರಿಶೀಲನೆ ಮಾಡಿಸಿ 2021ರ ಮೇ 31ರಂದು ಸಾವಿನ ಸಂಖ್ಯೆಯನ್ನು 69,342ರಿಂದ 1,80,764ಕ್ಕೆ ಏರಿಸಿತು. ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಸಾವು ಕಂಡ ದೇಶ ಎಂಬ ಹಣೆಪಟ್ಟಿ ಬಂದರೂ ಮುಚ್ಚಿಡಲಿಲ್ಲ.

ನಮ್ಮಲ್ಲಿ? 2020–21ರ ಅಧಿಕೃತ ಲೆಕ್ಕ ಸುಮಾರು 4.8 ಲಕ್ಷ. ಚಿಕಿತ್ಸೆ ಸಿಗದೆ ಸತ್ತವರೂ ಸೇರಿದಂತೆ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ ಹೆಚ್ಚುವರಿ ಸಾವು 47 ಲಕ್ಷ. ಆ ವಿಧಾನವನ್ನು ನಮ್ಮ ಸರ್ಕಾರ ಒಪ್ಪಲಿಲ್ಲ. ವಾದ ಏನೇ ಇರಲಿ, 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5ರಷ್ಟನ್ನು ಮಾತ್ರ.

ಇದು ಬರೀ ಅಂಕಿಯ ಜಗಳವಲ್ಲ. ಎರಡನೇ ಅಲೆಯಲ್ಲಿ ನಮ್ಮೂರಿನ ಕೂಲಿ ಕೆಲಸದವರೊಬ್ಬರು ಜ್ವರ, ಉಬ್ಬಸದಿಂದ ಮನೆಯಲ್ಲೇ ತೀರಿಕೊಂಡರು. ಟೆಸ್ಟ್ ಆಗಿರಲಿಲ್ಲ. ಮುಂದೆ ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50 ಸಾವಿರ ರೂಪಾಯಿ ಪರಿಹಾರ ಎಂದಾಗ ಅವರ ಹೆಂಡತಿಯ ಬಳಿ ತೋರಿಸಲು ಒಂದು ಕಾಗದವೂ ಇರಲಿಲ್ಲ. ಪರೀಕ್ಷೆಗೆ ಪೇಟೆಗೆ ಹೋಗಲು ಯಾರ ಬಳಿ ದುಡ್ಡಿರಲಿಲ್ಲವೋ, ಪರಿಹಾರ ತಪ್ಪಿದ್ದೂ ಅವರಿಗೇ.

ಗೆಳೆಯರೇ, ನಾಳೆ ನಮ್ಮಲ್ಲೇ ಹಲವರು ಇಂಥ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರು. ಆಕ್ಸಿಜನ್, ಲಸಿಕೆ, ಹಾಸಿಗೆ ಎಲ್ಲಿಗೆ ಎಷ್ಟು ಬೇಕೆಂದು ಆ ಅಂಕಿಗಳೇ ಹೇಳುತ್ತವೆ. ಯಾವುದೋ ಜಿಲ್ಲೆಯ ಮುಂದೆ ಸೊನ್ನೆ ಕಂಡರೆ ಖುಷಿಪಡುವ ಮೊದಲು ಅಲ್ಲಿ ಲ್ಯಾಬ್ ಇದೆಯೇ, ವೈದ್ಯರಿದ್ದಾರೆಯೇ ಎಂದು ವಿಚಾರಿಸೋಣ.