ಅಜ್ಜಿಯ ಕೈ ಹಿಡಿದು ನಡೆದ ದಾರಿ



ಪ್ರತಿ ವರ್ಷ ಜುಲೈ 26ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರನ್ನು ಸ್ಮರಿಸುತ್ತದೆ. ಈ ಹೆಸರುಗಳು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಎರಡನೆಯ ಶತಮಾನದ ಒಂದು ಬರಹದಿಂದ ಇವು ನಮಗೆ ತಿಳಿದುಬಂದಿವೆ. ಆದರೂ ವಿಶ್ವಾಸಿಗಳು ಇವರನ್ನು ಬಿಟ್ಟುಕೊಟ್ಟಿಲ್ಲ. ಯೇಸುಸ್ವಾಮಿಗೂ ಒಬ್ಬ ಅಜ್ಜಿ ಇದ್ದಿರಲೇಬೇಕಲ್ಲವೇ?

ಈ ಹಬ್ಬಕ್ಕೆ ಹತ್ತಿರವಾಗಿರಲೆಂದೇ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವನ್ನಾಗಿ ವಿಶ್ವಗುರು ಫ್ರಾನ್ಸಿಸರು 2021ರ ಜನವರಿ 31ರಂದು ಘೋಷಿಸಿದರು. ಅದೇ ವರ್ಷ ಜುಲೈ 25ರಂದು ಅದರ ಮೊದಲ ಆಚರಣೆ ನಡೆಯಿತು. ಈ ಘೋಷಣೆಯ ಹಿಂದೆ ಒಬ್ಬ ಅಜ್ಜಿಯ ನೆನಪೂ ಕೆಲಸ ಮಾಡಿರಬೇಕೆಂದು ನಮಗನಿಸುತ್ತದೆ. ಫ್ರಾನ್ಸಿಸರು ತಮ್ಮ ಮಾತುಗಳಲ್ಲಿ ಮತ್ತೆ ಮತ್ತೆ ನೆನೆಯುತ್ತಿದ್ದ ಆ ಅಜ್ಜಿಯ ಹೆಸರು ರೋಸಾ.

ರೋಸಾ ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದವರು. 1929ರಲ್ಲಿ ಗಂಡ ಮತ್ತು ಮಗನೊಂದಿಗೆ ಹಡಗು ಹತ್ತಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಬಂದಿಳಿದರು. ಆಗ ಅಲ್ಲಿ ಸುಡುಬೇಸಿಗೆ. ಆ ಸೆಕೆಯಲ್ಲಿಯೂ ಅವರು ತುಪ್ಪಳದ ಕಾಲರಿದ್ದ ದಪ್ಪ ಕೋಟನ್ನು ತೊಟ್ಟೇ ಇದ್ದರಂತೆ. ಊರಲ್ಲಿದ್ದುದನ್ನು ಮಾರಿ ತಂದ ಹಣವೆಲ್ಲ ಆ ಕೋಟಿನ ಒಳಪದರದಲ್ಲಿ ಹೊಲಿಯಲ್ಪಟ್ಟಿತ್ತು. ಇದೇ ಅಜ್ಜಿ, ಹೆಣಕ್ಕೆ ಹೊದಿಸುವ ಬಟ್ಟೆಗೆ ಜೇಬಿರುವುದಿಲ್ಲ ಎಂದೂ ಮಕ್ಕಳಿಗೆ ಹೇಳುತ್ತಿದ್ದರು. ಮೊಮ್ಮಗ ಆ ಮಾತನ್ನು 2013ರ ಗರಿಗಳ ಭಾನುವಾರದ ಪ್ರಬೋಧನೆಯಲ್ಲಿ ಇಡೀ ಲೋಕಕ್ಕೇ ಕೇಳಿಸಿದರು.

ಆ ಮೊಮ್ಮಗ ಹೋರ್ಹೆ ಹುಟ್ಟಿದ್ದು 1936ರಲ್ಲಿ. ಐವರು ಮಕ್ಕಳಲ್ಲಿ ಹಿರಿಯವನು. ಬೆನ್ನಿಗೇ ತಮ್ಮ ಹುಟ್ಟಿದಾಗ ಇಬ್ಬರನ್ನೂ ನೋಡಿಕೊಳ್ಳುವುದು ತಾಯಿಗೆ ಕಷ್ಟವಾಯಿತು. ಹತ್ತಿರದಲ್ಲೇ ಇದ್ದ ರೋಸಾ ಬೆಳಿಗ್ಗೆ ಬಂದು ಹುಡುಗನನ್ನು ತಮ್ಮ ಮನೆಗೆ ಕರೆದೊಯ್ಯುತ್ತಿದ್ದರು, ಮತ್ತೆ ತಂದು ಬಿಡುತ್ತಿದ್ದರು. ಅಜ್ಜ-ಅಜ್ಜಿ ತಮ್ಮೊಳಗೆ ಪೀಡ್‌ಮಾಂಟಿನ ಮಾತನ್ನೇ ಆಡುತ್ತಿದ್ದರು. ಹುಡುಗ ಅದನ್ನು ಕೇಳಿಕೇಳಿಯೇ ಕಲಿತ. ನಮ್ಮ ಮನೆಗಳಲ್ಲಿ ಮೊಮ್ಮಕ್ಕಳಿಗೆ ಅಜ್ಜಿಯ ಭಾಷೆ ಬರುವುದಿಲ್ಲವೆಂದು ಕೊರಗುವವರು, ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಅಜ್ಜಿಯ ಬಳಿ ಇರುತ್ತಾರೆಂದು ಒಮ್ಮೆ ಲೆಕ್ಕ ಹಾಕಬಹುದು.

1940ರ ಸುಮಾರಿಗೆ, ಹುಡುಗನಿಗೆ ನಾಲ್ಕು ವರ್ಷವಿರಬಹುದು, ಅಜ್ಜಿಯೊಂದಿಗೆ ಬೀದಿಯಲ್ಲಿ ನಡೆದು ಹೋಗುತ್ತಿದ್ದ. ಎದುರಿನ ಕಾಲುದಾರಿಯಲ್ಲಿ ಸಾಲ್ವೇಶನ್ ಆರ್ಮಿಯ ಇಬ್ಬರು ಹೆಂಗಸರು ತಮ್ಮ ಟೋಪಿ ಧರಿಸಿ ಬರುತ್ತಿದ್ದರು. ಇವರು ಕನ್ಯಾಸ್ತ್ರೀಯರೇ ಎಂದು ಹುಡುಗ ಕೇಳಿದ. ಅಲ್ಲ, ಅವರು ಪ್ರೊಟೆಸ್ಟೆಂಟರು, ಆದರೆ ಒಳ್ಳೆಯವರು ಎಂದು ಅಜ್ಜಿ ಉತ್ತರಿಸಿದರು. ಪ್ರೊಟೆಸ್ಟೆಂಟರೆಲ್ಲ ನರಕಕ್ಕೇ ಹೋಗುತ್ತಾರೆಂದು ಜನ ನಂಬಿದ್ದ ಕಾಲವದು. ಎರಡನೆಯ ವ್ಯಾಟಿಕನ್ ಮಹಾಸಭೆ ಸೇರಲು ಇನ್ನೂ 22 ವರ್ಷಗಳಿದ್ದವು! ಫ್ರಾನ್ಸಿಸರು 2014ರಲ್ಲಿ ಸಾಲ್ವೇಶನ್ ಆರ್ಮಿಯ ಮುಖಂಡರನ್ನು ಕಂಡಾಗ ಈ ಪ್ರಸಂಗವನ್ನು ತಾವೇ ಹೇಳಿದರು.

ಇನ್ನೊಂದು ಶುಭ ಶುಕ್ರವಾರದ ರಾತ್ರಿಯದು. ರೋಸಾ ಮೊಮ್ಮಕ್ಕಳನ್ನು ಮೇಣದಬತ್ತಿಯ ಮೆರವಣಿಗೆಗೆ ಕರೆದೊಯ್ಯುತ್ತಿದ್ದರು. ಕೊನೆಯಲ್ಲಿ ಮೃತ ಕ್ರಿಸ್ತರ ಪ್ರತಿಮೆ ಬರುವಾಗ ಮಕ್ಕಳನ್ನು ಮೊಣಕಾಲೂರಿಸಿ, ನೋಡಿ, ಈಗ ಸತ್ತಿದ್ದಾರೆ, ನಾಳೆ ಎದ್ದು ಬರುತ್ತಾರೆ ಎನ್ನುತ್ತಿದ್ದರು. ಕ್ರಿಸ್ತರ ಮೊದಲ ಸಾರೋಣ ತಮಗೆ ದೊರೆತದ್ದು ಈ ಅಜ್ಜಿಯಿಂದಲೇ ಎಂದು 2013ರ ಪೆಂತೆಕೋಸ್ತ್ ಹಬ್ಬದ ಜಾಗರಣೆಯಲ್ಲಿ ಫ್ರಾನ್ಸಿಸರು ಸ್ಮರಿಸಿದರು.

ಈ ಪ್ರಸಂಗಗಳಲ್ಲಿ ಪಾಠವೆಂದು ಹೇಳಬಹುದಾದದ್ದು ಏನೂ ನಡೆದಿಲ್ಲ. ಇಬ್ಬರು ಹೊರಗೆ ಹೋದರು, ಏನೋ ಕಂಡಿತು, ಅಜ್ಜಿ ಒಂದೆರಡು ಮಾತು ಹೇಳಿದರು, ಅಷ್ಟೇ. ಮನೆಯಲ್ಲಿ ಮಕ್ಕಳಿಗೆ ನಾವು ಹೇಳುತ್ತಲೇ ಇರುತ್ತೇವೆ. ದಾರಿಯಲ್ಲಾದರೋ ಕೇಳುವವರು ಮಕ್ಕಳೇ. ಅಜ್ಜಿಯ ನಡಿಗೆ ನಿಧಾನವಾದ್ದರಿಂದ ಕೇಳಲು ಸಮಯವೂ ಇರುತ್ತದೆ. ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ ಅವನ ಅಜ್ಜಿ ಲೋವಿಯ ವಿಶ್ವಾಸವನ್ನು ಹೆಸರಿಸಿ ನೆನೆಯುತ್ತಾರೆ. ಅಜ್ಜಿ ಎಂಬ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಅಲ್ಲಿ ಮಾತ್ರ.

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂವಿನ ತಟ್ಟೆ ಹಿಡಿದು ಬಾಲಮರಿಯಮ್ಮನವರ ಬಳಿಗೆ ಹೋಗುತ್ತಾರೆ. ಯಾವ ಬೇಲಿಯಲ್ಲಿ ಯಾವ ಹೂ ಸಿಗುತ್ತದೆಂದು ತಿಳಿದಿದ್ದವರು ಅಜ್ಜಿಯರು. ಈಗ ಹೂ ಪೇಟೆಯಿಂದ ಬರುತ್ತದೆ, ಮಕ್ಕಳು ಕಾರಿನಲ್ಲಿ ಬರುತ್ತಾರೆ, ಅಜ್ಜಿ ಮನೆ ಕಾಯುತ್ತಾರೆ. 2020ರಲ್ಲಿ ಕೊರೊನಾ ಬಂದಾಗ ಹಿರಿಯರನ್ನು ಟಿವಿಯ ಬಲಿಪೂಜೆಯ ಮುಂದೆ ಕೂರಿಸಿದ್ದು ಅನಿವಾರ್ಯವಾಗಿತ್ತು. ರೋಗ ಹೋದ ಮೇಲೂ ಕೆಲವು ಮನೆಗಳಲ್ಲಿ ಅವರು ಅಲ್ಲಿಯೇ ಕುಳಿತಿದ್ದಾರೆ. ನಿಮಗೆ ತೊಂದರೆ ಯಾಕೆ, ನೀವು ಇಲ್ಲೇ ಇರಿ ಎನ್ನುತ್ತೇವೆ. ನಿಜವಾಗಿ ತೊಂದರೆ ಯಾರದು?

ಅವರನ್ನು ಹೊರಗೆ ಕರೆದುಕೊಂಡು ಹೋಗುವುದು ಸುಲಭವೆಂದು ನಾವು ಹೇಳುವುದಿಲ್ಲ. ದೇವಾಲಯಕ್ಕೆ ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯೇ, ಶೌಚಾಲಯ ಎಲ್ಲಿದೆ ಎಂದು ಮೊದಲೇ ನೋಡಿರಬೇಕು. ಎಷ್ಟೋ ಅಜ್ಜಿಯರು ಬರಲು ಹಿಂಜರಿಯುವುದು ಈ ಕೊನೆಯ ಕಾರಣಕ್ಕೇ, ಬಾಯಿಬಿಟ್ಟು ಹೇಳುವುದಿಲ್ಲ. ಮಾತ್ರೆಯ ಹೊತ್ತಿಗೆ ಊಟವಾಗಬೇಕು. ಎತ್ತರದ ಕಾರಿಗಿಂತ ಆಟೋ ಹತ್ತುವುದೇ ಕೆಲವರಿಗೆ ಸಲೀಸು. ಒಂದೇ ದಿನ ಮೂರು ಪುಣ್ಯಕ್ಷೇತ್ರ ಸುತ್ತಿಸುವುದು ಬೇಡ, ಒಂದು ಸಾಕು. ಅಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾವು ಫೋಟೋ ತೆಗೆಯಲು ಹೋಗಿಬಿಟ್ಟರೆ ಮನೆಯಲ್ಲಿ ಬಿಟ್ಟುಬಂದದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಹಾಸಿಗೆ ಬಿಟ್ಟು ಏಳಲಾರದವರ ಬಳಿಗೆ ನಾವೇ ಹೋಗಬೇಕು. 2025ರ ಜುಬಿಲಿ ವರ್ಷದಲ್ಲಿ, ರೋಮಿಗೆ ಹೋಗಲಾಗದವರು ಒಂಟಿಯಾಗಿರುವ ಹಿರಿಯರೊಬ್ಬರ ಬಳಿ ಸಾಕಷ್ಟು ಹೊತ್ತು ಕುಳಿತು ಬಂದರೆ, ನಿಯಮದಂತೆ ಜುಬಿಲಿಯ ಪೂರ್ಣ ದಂಡವಿಮೋಚನೆ ಪಡೆಯಬಹುದಾಗಿತ್ತು. ವಿಶ್ವಗುರು 14ನೆಯ ಲಿಯೋ ಅವರು ಆ ವರ್ಷದ ಹಿರಿಯರ ದಿನದ ಸಂದೇಶದಲ್ಲಿ ಇದನ್ನೇ ನೆನಪಿಸಿದರು. ಅಂಥ ಭೇಟಿ ಅವರಲ್ಲಿರುವ ಕ್ರಿಸ್ತರೆಡೆಗೆ ಮಾಡುವ ಯಾತ್ರೆ ಎಂಬುದು ಅದರ ತಿರುಳು.

ಫ್ರಾನ್ಸಿಸರು 1969ರಲ್ಲಿ ಗುರುದೀಕ್ಷೆ ಪಡೆದಾಗ ರೋಸಾ ಬರೆದುಕೊಟ್ಟ ಕಾಗದವೊಂದು ಅವರ ಪ್ರಾರ್ಥನಾ ಪುಸ್ತಕದೊಳಗೇ ಇರುತ್ತಿತ್ತು. ಅದನ್ನು ಆಗಾಗ ತೆರೆದು ಓದುತ್ತೇನೆಂದು ವಿಶ್ವಗುರುಗಳಾದ ಮೇಲೆ 2015ರಲ್ಲಿಯೂ ಹೇಳಿದ್ದರು. ನಮ್ಮ ಅಜ್ಜಿಯರಲ್ಲಿ ಬರೆಯಲು ಬಾರದವರು ಬಹಳ. ಅವರದೇನಿದ್ದರೂ ಬಾಯಿಮಾತು, ಅದನ್ನು ಅವರಿರುವಾಗಲೇ ಕೇಳಿಸಿಕೊಳ್ಳಬೇಕು.

ಆದ್ದರಿಂದ ಈ ಸಲ ಎಲ್ಲಿಗೆಂದು ನಾವು ನಿರ್ಧರಿಸದೆ ಅವರನ್ನೇ ಕೇಳೋಣ. ದೊಡ್ಡ ಬಸಿಲಿಕದ ಹೆಸರು ಬರುತ್ತದೆಂದು ನಾವು ಕಾಯುತ್ತಿರುತ್ತೇವೆ. ಅವರು ತಮ್ಮ ತವರೂರಿನ ಚಿಕ್ಕ ದೇವಾಲಯವನ್ನೋ, ಅದರ ಹಿಂದಿನ ಸಮಾಧಿ ಭೂಮಿಯನ್ನೋ ಹೇಳಬಹುದು. ನವೆಂಬರ್ 2ರವರೆಗೆ ಕಾಯಬೇಕಾಗಿಲ್ಲ. ಮೊಮ್ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ. ಶಿಲುಬೆಯ ಮೇಲಿನ ಹೆಸರು ಓದಿ, ಇವರು ಯಾರಜ್ಜಿ ಎಂದು ಅವರೇ ಕೇಳುತ್ತಾರೆ.